ಅಳತೆಗೆ ಸಿಗದ ಕಾವು

ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ಮುಂದೆ ಎರಡು ಬುಲೆಟ್ ಟ್ಯಾಂಕರ್ ಸಿಕ್ಕಿದರೆ ಆಮೇಲಿನ ಒಂದು ಗಂಟೆ ನಮ್ಮ ಕೈಯಲ್ಲಿರುವುದಿಲ್ಲ. ಹತ್ತು ಮಾರು ಹೋಗುವುದು, ನಿಲ್ಲುವುದು, ಮತ್ತೆ ಹತ್ತು ಮಾರು. ಕೆಲವು ವರ್ಷಗಳ ಹಿಂದೆ ಅಂಥದೇ ಒಂದು ಏಪ್ರಿಲ್ ಮಧ್ಯಾಹ್ನ, ಏಳು ಜನ ಕೂತು, ಕ್ಯಾರಿಯರ್ ಮೇಲೆ ಸಾಮಾನು ಕಟ್ಟಿ, ಏ.ಸಿ. ಹಾಕಿಕೊಂಡು, ಮಂಗಳೂರಿನಲ್ಲಿ ಮದುವೆ ಮುಗಿಸಿ ಬರುತ್ತಿದ್ದೆವು. ಮಾರನಹಳ್ಳಿ ಹತ್ತಿರ ಬರುವಷ್ಟರಲ್ಲಿ ನಮ್ಮ ಹನ್ನೊಂದು ವರ್ಷದ ಆಟೊಮ್ಯಾಟಿಕ್ ಗಾಡಿಯ ಎಂಜಿನ್ ಜೋರಾಗಿ ಕೂಗತೊಡಗಿತು. ಗಾಡಿ ಮಾತ್ರ ಎಳೆಯಲಿಲ್ಲ. ಎಂಜಿನ್ ಕಾವಿನ ಮುಳ್ಳು ಎಂದಿನಂತೆ ನಡುಮಧ್ಯದಲ್ಲೇ ನಿಂತಿತ್ತು. ಎಚ್ಚರಿಕೆಯ ಒಂದು ದೀಪವೂ ಹೊತ್ತಿರಲಿಲ್ಲ. ಸಕಲೇಶಪುರದ ಮೆಕ್ಯಾನಿಕ್ ಗೇರ್‌ಬಾಕ್ಸಿನ ಅಳತೆಕಡ್ಡಿ ಎಳೆದು ಬಿಳಿ ಬಟ್ಟೆಗೆ ಒರೆಸಿದಾಗ, ಕೆಂಪಗಿರಬೇಕಾದ ಆಯಿಲ್ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು. ಸೀದ ವಾಸನೆ ಹೊಡೆಯುತ್ತಿತ್ತು.

ಗೇರ್‌ಬಾಕ್ಸ್ ಬಿಚ್ಚಿ ಕ್ಲಚ್ ಪ್ಲೇಟುಗಳನ್ನು ಬದಲಿಸಿ ಮತ್ತೆ ಕೂಡಿಸುವಷ್ಟರಲ್ಲಿ ಒಂದು ಹಳೆಯ ಕಾರಿನ ಬೆಲೆಯೇ ಖರ್ಚಾಯಿತು. ಆ ದಿನಗಳಲ್ಲಿ ನನಗೆ ಎರಡು ಬಗೆಯ ಸಲಹೆ ಬಂತು. ಒಬ್ಬ ಮೆಕ್ಯಾನಿಕ್, "ಸಾರ್, ಎಕ್ಸ್‌ಟ್ರಾ ಆಯಿಲ್ ಕೂಲರ್ ಒಂದು ಹಾಕ್ಸಿಬಿಡಿ, ಆಮೇಲೆ ಯೋಚನೆ ಮಾಡೋ ಹಾಗೇ ಇಲ್ಲ" ಅಂದರು. ಇನ್ನೊಬ್ಬರು, "ಬೇಕಾಗಿದ್ದಿದ್ರೆ ಕಂಪನಿಯವರೇ ಹಾಕಿ ಕೊಡ್ತಿರಲಿಲ್ವಾ ಸಾರ್? ಸುಮ್ನೆ ಪೈಪ್ ಕತ್ತರಿಸ್ಬೇಡಿ" ಅಂದರು. ಇಬ್ಬರೂ ಅನುಭವಿಗಳು, ಇಬ್ಬರೂ ನನ್ನ ಒಳ್ಳೆಯದಕ್ಕೇ ಹೇಳಿದವರು. ಆದರೆ ಗೇರ್‌ಬಾಕ್ಸಿನ ಆಯಿಲ್ ಘಾಟಿಯಲ್ಲಿ ಎಷ್ಟು ಡಿಗ್ರಿಗೆ ಏರುತ್ತದೆ ಎಂದು ಇಬ್ಬರಲ್ಲಿ ಒಬ್ಬರೂ ಕೇಳಲಿಲ್ಲ. ನನ್ನ ತಕರಾರು ಅಲ್ಲಿಂದ ಶುರುವಾಗುತ್ತದೆ. ಹೆಚ್ಚುವರಿ ಕೂಲರ್ ಬೇಕೋ ಬೇಡವೋ ಎಂಬುದು ನಂಬಿಕೆಯ ವಿಷಯವಲ್ಲ, ಅಳತೆಯ ವಿಷಯ. ಅಳೆದು ನೋಡಿದರೆ ನಮ್ಮ ನೆಲದ ಕೆಲವು ಗಾಡಿಗಳಿಗೆ ಅದು ನಿಜವಾಗಿ ಬೇಕು. ಅನೇಕ ಗಾಡಿಗಳಿಗೆ ಅದು ದಂಡ.

ಕಾವು ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಮೊದಲು ನೋಡೋಣ. ಹಳೆಯ ಬಗೆಯ ಆಟೊಮ್ಯಾಟಿಕ್‌ನಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕಾಲಿನಿಂದ ಒತ್ತುವ ಕ್ಲಚ್ ಇಲ್ಲ. ಟಾರ್ಕ್ ಕನ್ವರ್ಟರ್ ಎಂಬ ಆಯಿಲ್ ತುಂಬಿದ ಡಬ್ಬಿ ಇದೆ. ಎದುರುಬದುರಾಗಿಟ್ಟ ಎರಡು ಟೇಬಲ್ ಫ್ಯಾನುಗಳಲ್ಲಿ ಒಂದನ್ನು ಹಾಕಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುವಂತೆ, ಇಲ್ಲಿ ಎಂಜಿನ್ ತಿರುಗಿಸುವ ರೆಕ್ಕೆಗಳು ಆಯಿಲನ್ನು ಬೀಸುತ್ತವೆ, ಆ ಬೀಸಿಗೆ ಗೇರ್‌ಬಾಕ್ಸಿನ ಕಡೆಯ ರೆಕ್ಕೆಗಳು ತಿರುಗುತ್ತವೆ. ಜರ್ಮನಿಯ ಹೆರ್ಮನ್ ಫೋಟಿಂಗರ್ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದದ್ದು ಹಡಗುಗಳಿಗಾಗಿ. ಕಾರಿಗೆ ಬಂದದ್ದು ಬಹಳ ತಡವಾಗಿ. ಎರಡೂ ಕಡೆಯ ರೆಕ್ಕೆಗಳು ಸರಿಸಮ ವೇಗದಲ್ಲಿ ತಿರುಗುವಾಗ ನಷ್ಟ ಕಡಿಮೆ. ಹೆದ್ದಾರಿಯಲ್ಲಿ ಒಳಗಿನ ಲಾಕ್‌ಅಪ್ ಕ್ಲಚ್ ಎರಡನ್ನೂ ಬೆಸೆದುಬಿಡುವುದರಿಂದ ನಷ್ಟ ಇಲ್ಲವೆನ್ನುವಷ್ಟು ಕಡಿಮೆ. ಎಂಜಿನ್ ಕಡೆಯದು ಜೋರಾಗಿ, ಚಕ್ರದ ಕಡೆಯದು ನಿಧಾನವಾಗಿ ತಿರುಗುವಾಗ, ಎಂದರೆ ಏರಿನಲ್ಲಿ ತೆವಳುವಾಗ, ಆಯಿಲ್ ಒಳಗೊಳಗೇ ಕಡೆದುಕೊಂಡು ಕಾಯುತ್ತದೆ.

ಒಂದು ಲೆಕ್ಕ ಹಾಕಿ ನೋಡಬಹುದು. ಜನ, ಸಾಮಾನು ಸೇರಿ 2,200 ಕಿಲೋ ತೂಗುವ ಗಾಡಿ ನೂರು ಅಡಿಗೆ ಆರು ಅಡಿ ಏರುವ ರಸ್ತೆಯಲ್ಲಿ ಗಂಟೆಗೆ 20 ಕಿ.ಮೀ. ವೇಗದಲ್ಲಿ ಹತ್ತುತ್ತಿದೆ ಎನ್ನಿ. ಚಕ್ರಗಳಿಗೆ ಸುಮಾರು 9 ಕಿಲೋವ್ಯಾಟ್ ಬೇಕು. ಕನ್ವರ್ಟರ್ ಲಾಕ್ ಆಗದೆ ಜಾರುತ್ತಿದ್ದು ಎಂಜಿನ್ ಕೊಟ್ಟದ್ದರಲ್ಲಿ ನೂರಕ್ಕೆ 60ರಷ್ಟನ್ನೇ ದಾಟಿಸುತ್ತಿದ್ದರೆ, ಎಂಜಿನ್ 15 ಕಿಲೋವ್ಯಾಟ್ ಕೊಡಬೇಕು. ಮಿಕ್ಕ 6 ಕಿಲೋವ್ಯಾಟ್ ಪೂರ್ತಿ ಆಯಿಲಿಗೆ ಕಾವಾಗಿ ಇಳಿಯುತ್ತದೆ. ನಮ್ಮ ಬಚ್ಚಲುಮನೆಯ ಗೀಸರ್ 2 ಕಿಲೋವ್ಯಾಟಿನದು. ಅಂಥ ಮೂರು ಗೀಸರುಗಳನ್ನು ಎಂಟು ಲೀಟರ್ ಆಯಿಲಿನಲ್ಲಿ ಮುಳುಗಿಸಿ ಸ್ವಿಚ್ ಹಾಕಿದಂತೆ. ಆ ಕಾವನ್ನು ಆಯಿಲ್ ಒಂದೇ ಹೊರಬೇಕಾದರೆ ನಿಮಿಷಕ್ಕೆ 25 ಡಿಗ್ರಿ ಏರೀತು. ಗೇರ್‌ಬಾಕ್ಸಿನ ಲೋಹವೂ ಕಾವು ಹೀರುತ್ತದೆ, ಕಾರ್ಖಾನೆಯಿಂದ ಬಂದ ಕೂಲರ್ ಒಂದಿಷ್ಟನ್ನು ಹೊರಹಾಕುತ್ತದೆ. ಆದ್ದರಿಂದ ಏರಿಕೆ ಅಷ್ಟು ವೇಗವಾಗಿರುವುದಿಲ್ಲ. ಆದರೆ ಟ್ಯಾಂಕರಿನ ಹಿಂದೆ ಕಳೆಯುವ ಸಮಯವೂ ಎರಡು ಮೂರು ನಿಮಿಷವಲ್ಲ.

ಹೆಚ್ಚಿನ ಗಾಡಿಗಳಲ್ಲಿ ಕಾರ್ಖಾನೆಯ ಆ ಕೂಲರ್ ಇರುವುದು ರೇಡಿಯೇಟರಿನ ಹೊಟ್ಟೆಯೊಳಗೆ. ರೇಡಿಯೇಟರಿನ ಒಂದು ಪಕ್ಕದ ತೊಟ್ಟಿಯಲ್ಲಿ ಸಣ್ಣ ಕೊಳವೆಯೊಂದು ಮುಳುಗಿರುತ್ತದೆ. ಅದರೊಳಗೆ ಗೇರ್‌ಬಾಕ್ಸಿನ ಆಯಿಲ್, ಹೊರಗೆ ಎಂಜಿನ್ನಿನ ಕೂಲೆಂಟ್. ಅದು ಜಾಣ ಏರ್ಪಾಡು. ಚಳಿಯ ಬೆಳಿಗ್ಗೆ ಕೂಲೆಂಟ್ ಬೇಗ ಬಿಸಿಯಾಗಿ ಆಯಿಲನ್ನೂ ಬೆಚ್ಚಗೆ ಮಾಡುತ್ತದೆ, ಆಮೇಲೆ ತಣಿಸುತ್ತದೆ. ಆದರೆ ಅದಕ್ಕೊಂದು ಗೆರೆ ಇದೆ. ಕೂಲೆಂಟೇ 90 ಡಿಗ್ರಿಯಲ್ಲಿದ್ದರೆ ಅದರಲ್ಲಿ ಮುಳುಗಿದ ಆಯಿಲ್ ಅದಕ್ಕಿಂತ ಕೆಳಗೆ ಇಳಿಯಲಾರದು. ಘಾಟಿಯಲ್ಲಿ ಎಂಜಿನ್ ತಾನೇ ಬೇಯುತ್ತಿರುವ ಹೊತ್ತಿನಲ್ಲೇ ಗೇರ್‌ಬಾಕ್ಸಿಗೂ ಹೆಚ್ಚು ತಂಪು ಬೇಕಾಗುತ್ತದೆ. ಬಿಸಿಯಾದವನ ಹತ್ತಿರ ಬಿಸಿಯಾದವನು ಹೋಗಿ ತಂಪು ಕೇಳಿದಂತಾಗುತ್ತದೆ ಅದು. ಹೆಚ್ಚುವರಿ ಕೂಲರಿನ ಅಗತ್ಯ ಹುಟ್ಟುವುದು ಇಲ್ಲಿಯೇ: ಅದು ಕೂಲೆಂಟಿನ ಹಂಗಿಲ್ಲದೆ ನೇರವಾಗಿ ಹೊರಗಿನ ಗಾಳಿಗೆ ಕಾವು ಬಿಡುತ್ತದೆ. ಗಾಳಿ 38 ಡಿಗ್ರಿ ಇದ್ದರೂ 90ರ ಕೂಲೆಂಟಿಗಿಂತ ಅದೆಷ್ಟೋ ತಂಪು.

ಕಾವಿನಿಂದ ಕೆಡುವುದು ಮೊದಲು ಆಯಿಲ್, ಆಮೇಲೆ ಉಳಿದದ್ದು. ಈ ಆಯಿಲ್ ಬರೀ ಜಿಡ್ಡಲ್ಲ. ಬಲವನ್ನು ದಾಟಿಸುವುದು, ಕ್ಲಚ್ಚುಗಳನ್ನು ಒತ್ತಿಹಿಡಿಯುವುದು, ಸವೆತ ತಡೆಯುವುದು, ಕಾವು ಹೊರುವುದು ಎಲ್ಲವೂ ಅದರದೇ ಕೆಲಸ. ಕೂಲರ್ ಮಾರುವ ಅಂಗಡಿಗಳಲ್ಲಿ ಒಂದು ಕೋಷ್ಟಕ ತೋರಿಸುತ್ತಾರೆ: 79 ಡಿಗ್ರಿಯಲ್ಲಿ 1,00,000 ಮೈಲಿ ಬಾಳುವ ಆಯಿಲ್, ಮುಂದೆ ಪ್ರತಿ 11 ಡಿಗ್ರಿಗೂ ಅರ್ಧರ್ಧ ಆಯುಸ್ಸು ಕಳೆದುಕೊಳ್ಳುತ್ತದೆ, 115ರ ಸುಮಾರಿಗೆ ಒಳಗೆ ವಾರ್ನಿಷಿನಂಥ ಪದರ ಕಟ್ಟುತ್ತದೆ, 127ರ ಸುಮಾರಿಗೆ ರಬ್ಬರ್ ಸೀಲುಗಳು ಗಟ್ಟಿಯಾಗುತ್ತವೆ, 145 ದಾಟಿದರೆ ಕ್ಲಚ್ ಪ್ಲೇಟುಗಳು ಜಾರುತ್ತವೆ. ಈ ಕೋಷ್ಟಕವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಅದು ಹಳೆಯ ಖನಿಜ ಆಯಿಲುಗಳ ಕಾಲದ್ದು, ಅದನ್ನು ಹಂಚುವವರು ಕೂಲರ್ ಮಾರುವವರೇ. ಇಂದಿನ ಸಿಂಥೆಟಿಕ್ ಆಯಿಲ್ ಅದಕ್ಕಿಂತ ಗಟ್ಟಿ. ಕೆಲವು ಹೊಸ ಗೇರ್‌ಬಾಕ್ಸುಗಳನ್ನು ಇಂಧನ ಉಳಿಸಲೆಂದು 90ರಿಂದ 100 ಡಿಗ್ರಿಯ ಆಸುಪಾಸಿನಲ್ಲಿ ಓಡುವಂತೆಯೇ ರೂಪಿಸುತ್ತಾರೆ. ಹಾಗಾಗಿ 95 ಕಂಡ ಕೂಡಲೇ ಗಾಬರಿಯಾಗಬೇಕಿಲ್ಲ. ಆದರೂ ಕೋಷ್ಟಕದ ತಿರುಳು ಸುಳ್ಳಲ್ಲ. ಕಾವು ಹೆಚ್ಚಿದಂತೆ ಎಣ್ಣೆ ಗಾಳಿಯ ಜೊತೆ ಕೂಡಿ ಕೆಡುವ ವೇಗ ಇಮ್ಮಡಿ ಇಮ್ಮಡಿಯಾಗಿ ಬೆಳೆಯುತ್ತದೆ ಎಂಬುದು ರಸಾಯನ ವಿಜ್ಞಾನದ ಹಳೆಯ ಪಾಠ. ನನ್ನ ಮಟ್ಟಿಗೆ ಘಾಟಿಯಲ್ಲಿ ಸ್ವಲ್ಪ ಹೊತ್ತು 110 ಸಹ್ಯ. 120 ದಾಟಿ ಅಲ್ಲೇ ನಿಲ್ಲುವುದು ಸಹ್ಯವಲ್ಲ.

"ಕಂಪನಿಯವರಿಗೆ ಗೊತ್ತಿರಲ್ವಾ?" ಎಂಬ ಮಾತಿಗೆ ಬರೋಣ. ಗೊತ್ತಿದೆ. ಅದಕ್ಕೇ ಅಮೆರಿಕದಲ್ಲಿ ಟ್ರೇಲರ್ ಎಳೆಯುವವರಿಗಾಗಿ ಕಂಪನಿಗಳೇ ಕೊಡುವ ಟೋ ಪ್ಯಾಕೇಜಿನಲ್ಲಿ ಅನೇಕ ಗಾಡಿಗಳಿಗೆ ಹೆಚ್ಚುವರಿ ಆಯಿಲ್ ಕೂಲರ್ ಸೇರಿರುತ್ತದೆ. ದುಬೈ, ದಮ್ಮಾಮ್‌ಗಳಲ್ಲಿ ದುಡಿದು ಬಂದ ಮಂಗಳೂರು, ಉಡುಪಿ, ಭಟ್ಕಳದ ಕಡೆಯವರಿಗೆ ಜಿಸಿಸಿ ಸ್ಪೆಕ್ ಎಂಬ ಮಾತು ಚೆನ್ನಾಗಿ ಗೊತ್ತು. ಕೊಲ್ಲಿಯ ಬಿಸಿಲಿಗೆಂದು ತಂಪಿನ ಏರ್ಪಾಡನ್ನು ಬಲಪಡಿಸಿ ಕಳಿಸುವ ಗಾಡಿಗಳವು. ಭಾರ ಹೆಚ್ಚಿದರೆ, ಬಿಸಿಲು ಹೆಚ್ಚಿದರೆ ತಂಪೂ ಹೆಚ್ಚಬೇಕು ಎಂದು ತಯಾರಕರೇ ಒಪ್ಪಿದ ಮೇಲೆ, ಏಳು ಜನ ಕೂತು ಮೇಲೆ ಸಾಮಾನು ಕಟ್ಟಿ ಪಶ್ಚಿಮಘಟ್ಟ ಹತ್ತುವ ನಮ್ಮ ಕುಟುಂಬದ ಗಾಡಿಯನ್ನೂ ಭಾರ ಎಳೆಯುವ ಗಾಡಿ ಎಂದೇ ಎಣಿಸಬೇಕು. ಟ್ರೇಲರ್ ಇಲ್ಲ ಎಂಬುದಷ್ಟೇ ವ್ಯತ್ಯಾಸ.

ಆಯಿಲ್ ಬದಲಿಸುವ ವಿಷಯದಲ್ಲೂ ಇದೇ ಕತೆ. ಗೇರ್‌ಬಾಕ್ಸಿನ ಆಯಿಲ್ ಗಾಡಿ ಇರುವಷ್ಟು ದಿನ ಬಾಳುತ್ತದೆ, ಮುಟ್ಟಬೇಡಿ ಎಂದು ಹಲವು ಕಾರು ಕಂಪನಿಗಳ ಕೈಪಿಡಿ ಹೇಳುತ್ತದೆ. ಆದರೆ ದೊಡ್ಡ ದೊಡ್ಡ ಕಾರುಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಜಡ್‌ಎಫ್, ಬಳಕೆಯ ಕಷ್ಟ ನೋಡಿಕೊಂಡು 80,000ದಿಂದ 1,20,000 ಕಿ.ಮೀ. ಒಳಗೆ, ಇಲ್ಲವೇ ಎಂಟು ವರ್ಷಕ್ಕೆ ಆಯಿಲ್ ಬದಲಿಸಿ ಎನ್ನುತ್ತದೆ. ಮಾಡಿದವರ ಮಾತನ್ನು ನಾನು ಹೆಚ್ಚು ನಂಬುತ್ತೇನೆ. ಕೂಲರಿಗೆ ಹಣ ಹಾಕುವ ಮುಂಚೆ ಆ ಹಣ ಮೊದಲು ಹೋಗಬೇಕಾದದ್ದು ಹೊಸ ಆಯಿಲಿಗೆ.

ಇನ್ನು ಯಾರಿಗೆ ಬೇಡ ಎಂಬುದು. ನಮ್ಮಲ್ಲಿ ಆಟೊಮ್ಯಾಟಿಕ್ ಎಂಬ ಒಂದೇ ಹೆಸರಿನ ಕೆಳಗೆ ನಾಲ್ಕು ಬೇರೆ ಬೇರೆ ಯಂತ್ರಗಳು ಓಡಾಡುತ್ತಿವೆ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಬಂದು ಮನೆಮಾತಾದ ಎಎಂಟಿಯಲ್ಲಿ ಟಾರ್ಕ್ ಕನ್ವರ್ಟರ್ ಇಲ್ಲವೇ ಇಲ್ಲ. ಅದು ಸಾಧಾರಣ ಗೇರ್‌ಬಾಕ್ಸೇ. ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸವನ್ನು ನಮ್ಮ ಬದಲು ಒಂದು ಯಂತ್ರ ಮಾಡುತ್ತದೆ. ಅದರ ಕ್ಲಚ್ ಒಣ ಕ್ಲಚ್. ಘಾಟಿಯಲ್ಲಿ ಅದು ಸುಟ್ಟರೂ ಆಯಿಲ್ ತಣಿಸಿ ಉಪಯೋಗವಿಲ್ಲ. ಡಿಸಿಟಿ ಎಂಬ ಜೋಡಿ ಕ್ಲಚ್ಚಿನ ಗೇರ್‌ಬಾಕ್ಸಿನಲ್ಲಿ ಕ್ಲಚ್ ಒಣ ಬಗೆಯದಾಗಿದ್ದರೆ ಅದಕ್ಕೂ ಇದೇ ಮಾತು. ಇಂಥ ಗಾಡಿಗೆ ಕೂಲರ್ ಹಾಕಿಕೊಡುತ್ತೇನೆ ಎನ್ನುವವರ ಅಂಗಡಿಯಿಂದ ಎದ್ದು ಬರುವುದೇ ಸರಿ. ಗೇರುಗಳ ಬದಲು ಬೆಲ್ಟಿನಿಂದ ಓಡುವ ಸಿವಿಟಿಯಲ್ಲಿ ಆಯಿಲಿನ ಕಾವು ಮುಖ್ಯವೇ, ಆದರೆ ಅದರ ಆಯಿಲ್ ಬೇರೆ ಜಾತಿಯದು, ಒತ್ತಡವೂ ಹೆಚ್ಚು. ಕಾವು ಮಿತಿಮೀರಿದರೆ ಅನೇಕ ಸಿವಿಟಿಗಳು ಎಂಜಿನ್ನಿನ ಬಲವನ್ನು ತಾವೇ ತಗ್ಗಿಸಿಕೊಳ್ಳುತ್ತವೆ. ಅದರ ಒಳಹೊರಗು ಬಲ್ಲವರಲ್ಲದೆ ಬೇರೆಯವರು ಕೈಹಾಕಬಾರದು. ವಾರಂಟಿಯಲ್ಲಿರುವ ಹೊಸ ಆರು ಗೇರಿನ, ಎಂಟು ಗೇರಿನ ಗಾಡಿಗಳು ಕೆಳಗಿನ ಗೇರುಗಳಲ್ಲೇ ಕನ್ವರ್ಟರನ್ನು ಲಾಕ್ ಮಾಡುವುದರಿಂದ ಕಾವು ಕಡಿಮೆ ಹುಟ್ಟಿಸುತ್ತವೆ. ಅವುಗಳ ಪೈಪು ಕತ್ತರಿಸಿ ವಾರಂಟಿ ಕಳೆದುಕೊಳ್ಳುವುದು ಅವಿವೇಕ. ಕೊನೆಗೆ ಉಳಿಯುವುದು ನನ್ನದರಂಥವು: ಹತ್ತು ವರ್ಷ ದಾಟಿದ, ನಾಲ್ಕೈದು ಗೇರಿನ, ಭಾರದ, ಟಾರ್ಕ್ ಕನ್ವರ್ಟರ್ ಗಾಡಿಗಳು. ಸೆಕೆಂಡ್‌ಹ್ಯಾಂಡಿನಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆಂದು ದೊಡ್ಡ ಕುಟುಂಬಗಳು ಕೊಳ್ಳುವ ಗಾಡಿಗಳಿವು.

ಅಂಥ ಹಳೆಯ ಗಾಡಿಗೆ ಇನ್ನೊಂದು ಅಪಾಯವೂ ಇದೆ. ರೇಡಿಯೇಟರಿನೊಳಗಿನ ಆ ಕೊಳವೆ ಬಿರುಕು ಬಿಟ್ಟರೆ ಕೂಲೆಂಟ್ ಗೇರ್‌ಬಾಕ್ಸಿಗೆ ನುಗ್ಗುತ್ತದೆ. ಅಮೆರಿಕದಲ್ಲಿ 2005ರಿಂದ 2010ರವರೆಗಿನ ನಿಸ್ಸಾನ್ ಪಾಥ್‌ಫೈಂಡರ್, ಎಕ್ಸ್‌ಟೆರಾ, ಫ್ರಾಂಟಿಯರ್ ಗಾಡಿಗಳಲ್ಲಿ ಇದು ದೊಡ್ಡ ಪಿಡುಗಾಗಿ ಕೋರ್ಟಿನವರೆಗೂ ಹೋಯಿತು. ಕಂಪನಿ ರೇಡಿಯೇಟರಿನ ವಾರಂಟಿಯನ್ನು 8 ವರ್ಷ ಅಥವಾ 80,000 ಮೈಲಿಗೆ ಹಿಗ್ಗಿಸಬೇಕಾಯಿತು. ಆಯಿಲೂ ಕೂಲೆಂಟೂ ಬೆರೆತಾಗ ನಮ್ಮ ರೋಸ್ ಮಿಲ್ಕಿನಂಥ ಗುಲಾಬಿ ಬಣ್ಣದ ಮಡ್ಡಿಯಾಗುತ್ತದೆ. ಕ್ಲಚ್ ಪ್ಲೇಟಿನ ಮೇಲಿರುವುದು ಕಾಗದದಂಥ ಪದರ, ಅದನ್ನು ಹಿಡಿದಿರುವುದು ಅಂಟು. ನೀರು ಕುಡಿದ ಮೇಲೆ ಅದು ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ, ಗೇರ್‌ಬಾಕ್ಸ್ ಉಳಿಯುವುದಿಲ್ಲ. ಆದ್ದರಿಂದ ಎಷ್ಟೋ ಮಾಲೀಕರು ರೇಡಿಯೇಟರನ್ನು ಪೂರ್ತಿ ಬಿಟ್ಟು ಹೊರಗಿನ ಕೂಲರಿಗೇ ಆಯಿಲ್ ತಿರುಗಿಸಿಕೊಂಡರು. ಚಳಿದೇಶದಲ್ಲಿ ಇದು ತೊಡಕಿನ ದಾರಿ. ಷಿಕಾಗೊದಂಥ ಊರಿನಲ್ಲಿರುವ ನಮ್ಮವರು ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಬೆಳಿಗ್ಗೆ ಹೀಗೆ ಗಾಡಿ ತೆಗೆದರೆ ಆಯಿಲ್ ಜೇನಿನಂತೆ ದಪ್ಪಗಾಗಿ, ಬಿಸಿಯಾಗಲು ಬಹಳ ಹೊತ್ತು ಹಿಡಿಯುತ್ತದೆ, ಅಲ್ಲಿಯತನಕ ಲಾಕ್‌ಅಪ್ ಕೆಲಸ ಮಾಡುವುದಿಲ್ಲ. ಅಂಥವರಿಗೆ ಥರ್ಮೋಸ್ಟಾಟ್ ಇರುವ ಬೈಪಾಸ್ ಬೇಕೇ ಬೇಕು. ಮಡಿಕೇರಿಯ ಡಿಸೆಂಬರಿಗೂ ನಮಗೆ ಆ ಭಯವಿಲ್ಲ. ಆದರೂ ರೇಡಿಯೇಟರ್ ಹಳತಾಗಿದ್ದರೆ ಅದನ್ನು ಬದಲಿಸಿ, ಅದರ ನಂತರ ಹೆಚ್ಚುವರಿ ಕೂಲರ್ ಜೋಡಿಸುವುದೇ ನನಗೆ ಸರಿ ಕಾಣುತ್ತದೆ. ರೇಡಿಯೇಟರ್ ದೊಡ್ಡ ಕಾವನ್ನು ಇಳಿಸಲಿ, ಹೊರಗಿನದು ಮಿಕ್ಕದ್ದನ್ನು ಇಳಿಸಿ ಗೇರ್‌ಬಾಕ್ಸಿಗೆ ಮರಳಿಸಲಿ.

ಜೋಡಣೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಕೆಟ್ಟ ಜೋಡಣೆ ಕೂಲರ್ ಇಲ್ಲದಿರುವುದಕ್ಕಿಂತ ಅಪಾಯ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ವಿಚಾರಿಸಿದರೆ ಎರಡು ಬಗೆಯವು ತೋರಿಸುತ್ತಾರೆ: ಒಂದೇ ಕೊಳವೆ ಹಾವಿನಂತೆ ಸುತ್ತಿಕೊಂಡದ್ದು, ಮತ್ತು ತೆಳು ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದ್ದು. ಎರಡನೆಯದಕ್ಕೆ ಬೆಲೆ ಹೆಚ್ಚು, ಆದರೆ ಅದೇ ಜಾಗದಲ್ಲಿ ಹೆಚ್ಚು ಕಾವು ಬಿಡುತ್ತದೆ, ಆಯಿಲಿನ ಹರಿವನ್ನೂ ಕಡಿಮೆ ತಡೆಯುತ್ತದೆ. ಅದನ್ನು ಏ.ಸಿ. ಕಂಡೆನ್ಸರಿನ ಮುಂದೆ, ಬೆರಳು ತೂರುವಷ್ಟು ಸಂದು ಬಿಟ್ಟು, ಗಾಡಿಯ ಚೌಕಟ್ಟಿಗೆ ಬ್ರಾಕೆಟ್ ಹಾಕಿ ಬಿಗಿಯಬೇಕು. ಕಂಡೆನ್ಸರಿನ ಜಾಲರಿಯೊಳಗೇ ಪ್ಲಾಸ್ಟಿಕ್ ಕಡ್ಡಿ ತೂರಿಸಿ ಕಟ್ಟುವ ರೂಢಿಯಿದೆ. ನಮ್ಮ ರಸ್ತೆಯ ಕುಲುಕಾಟಕ್ಕೆ ಅದು ಉಜ್ಜಿ ಉಜ್ಜಿ ಕಂಡೆನ್ಸರಿಗೆ ತೂತು ಮಾಡಿ ಏ.ಸಿ. ಗ್ಯಾಸ್ ಹೋಗುತ್ತದೆ. ಪೈಪು ಕತ್ತರಿಸುವ ಮೊದಲು ಯಾವುದು ಹೋಗುವ ಪೈಪು, ಯಾವುದು ಮರಳುವ ಪೈಪು ಎಂದು ತಿಳಿಯಬೇಕು. ತಣ್ಣಗಿನ ಗಾಡಿ ಸ್ಟಾರ್ಟ್ ಮಾಡಿದಾಗ ಮೊದಲು ಬಿಸಿಯಾಗುವುದು ಗೇರ್‌ಬಾಕ್ಸಿನಿಂದ ಹೊರಡುವ ಪೈಪು. ಕೂಲರ್ ಸೇರಬೇಕಾದದ್ದು ಮರಳುವ ಪೈಪಿಗೆ.

ಹೋಸಿನಲ್ಲಿ ಜಿಪುಣತನ ಕೂಡದು. ಪೆಟ್ರೋಲ್ ಪೈಪಾಗಲಿ ಕೂಲೆಂಟ್ ಪೈಪಾಗಲಿ ಈ ಬಿಸಿ ಆಯಿಲಿಗೆ ಬಾಳುವುದಿಲ್ಲ. ಗೇರ್‌ಬಾಕ್ಸ್ ಆಯಿಲ್ ಕೂಲರಿಗೆಂದೇ ಮಾಡಿದ, ಎಸ್‌ಎಇ ಜೆ1532 ಎಂದು ಅಚ್ಚೊತ್ತಿದ ಹೋಸನ್ನೇ ಕೇಳಬೇಕು. ಕತ್ತರಿಸಿದ ಉಕ್ಕಿನ ಕೊಳವೆಯ ತುದಿಗೆ ಉಬ್ಬು ಮಾಡಿಸದೆ ಬರಿಯ ಕ್ಲಾಂಪಿನ ಭರವಸೆಯ ಮೇಲೆ ಹೋಸ್ ಸಿಕ್ಕಿಸಿದರೆ ಒಂದಲ್ಲ ಒಂದು ದಿನ ಜಾರುತ್ತದೆ. ಜಾರಿದರೆ ಪಂಪು ಸ್ವಲ್ಪ ಹೊತ್ತಿನಲ್ಲೇ ಆಯಿಲನ್ನೆಲ್ಲ ರಸ್ತೆಗೆ ಚೆಲ್ಲಿ ಗೇರ್‌ಬಾಕ್ಸನ್ನು ಒಣಗಿಸುತ್ತದೆ. ಸೈಲೆನ್ಸರ್ ಪೈಪಿನ ಮೇಲೆ ಬಿದ್ದರೆ ಬೆಂಕಿಯೂ ಹತ್ತಬಹುದು. ತೋಟದ ಮನೆಯ ಶೆಡ್ಡಿನಲ್ಲಿ ಗಾಡಿ ನಿಲ್ಲಿಸುವವರು ಇಲಿ ಕಡಿತವನ್ನೂ ನೋಡಿಕೊಳ್ಳಬೇಕು. ಜೋಡಿಸಿದ ಮೇಲೆ ಕೂಲರ್, ಹೋಸುಗಳು ತುಂಬುವಷ್ಟು ಆಯಿಲ್ ಸೇರಿಸಿ, ಕೈಪಿಡಿ ಹೇಳಿದ ಕಾವಿನಲ್ಲೇ ಮಟ್ಟ ನೋಡಬೇಕು. ಆ ಆಯಿಲ್ ಯಾವ ಗುರುತಿನದು ಎಂಬುದರಲ್ಲಿ ರಾಜಿ ಬೇಡ. ಮೊದಲ ವಾರ ದಿನಾ ಬೆಳಿಗ್ಗೆ ಗಾಡಿಯ ಕೆಳಗೆ ಬಗ್ಗಿ ನೋಡುವುದು ಒಳ್ಳೆಯದು.

ಇಷ್ಟೆಲ್ಲ ಮಾಡುವ ಮೊದಲು ಅಳೆಯುವುದು ಹೇಗೆ? ಸ್ಟೀರಿಂಗಿನ ಕೆಳಗಿನ ಓಬಿಡಿ ಸಾಕೆಟ್ಟಿಗೆ ಸಿಕ್ಕಿಸುವ ಬ್ಲೂಟೂತ್ ಸಾಧನ ಕಡಿಮೆ ಬೆಲೆಗೇ ಸಿಗುತ್ತದೆ. ಗೇರ್‌ಬಾಕ್ಸಿನ ಕಾವು ಎಲ್ಲ ಆ್ಯಪುಗಳಲ್ಲೂ ತಾನಾಗಿ ಕಾಣುವುದಿಲ್ಲ, ಕಂಪನಿ ಕಂಪನಿಗೂ ಅದರ ಸಂಕೇತ ಬೇರೆ. ನಿಮ್ಮ ಗಾಡಿಗೆ ಹೊಂದುವ ಆ್ಯಪ್ ಹುಡುಕಬೇಕು. ನಾನು ಗೇರ್‌ಬಾಕ್ಸ್ ರಿಪೇರಿಯಾದ ಮೇಲೆ ಕೂಲರ್ ಇಲ್ಲದೆಯೇ ಒಂದು ತಿಂಗಳು ಅಳೆದೆ. ಪಕ್ಕದಲ್ಲಿ ಕೂತ ಮಗಳು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಬೆಂಗಳೂರಿನ ಸಂಜೆಯ ಟ್ರಾಫಿಕ್ಕಿನಲ್ಲಿ 93. ನಾನು ಹೆದರಿದ್ದಷ್ಟೇನೂ ಇರಲಿಲ್ಲ. ನಿಂತ ಗಾಡಿಯಲ್ಲಿ ಎಂಜಿನ್ ಕೊಡುವ ಬಲವೇ ಅಲ್ಪ, ಕಾವೂ ಅಲ್ಪ. ತುಮಕೂರು ಹೆದ್ದಾರಿಯಲ್ಲಿ 84. ಶಿರಾಡಿಯಲ್ಲಿ ಅದೇ ಭಾರ, ಅದೇ ಟ್ಯಾಂಕರುಗಳ ಹಿಂದೆ 122. ಆ ಒಂದು ಸಂಖ್ಯೆ ನನ್ನ ಪಾಲಿಗೆ ತೀರ್ಮಾನ ಕೊಟ್ಟಿತು. ಊರೊಳಗೆ ಮಾತ್ರ ಓಡುವ ಗಾಡಿಯಾಗಿದ್ದರೆ ಕೂಲರ್ ಹಾಕಿಸುತ್ತಿರಲಿಲ್ಲ.

ಚಾಲನೆಯ ಅಭ್ಯಾಸ ತಿದ್ದಿಕೊಂಡರೂ ಕೆಲವು ಡಿಗ್ರಿ ಇಳಿಯುತ್ತದೆ. ಏರಿನಲ್ಲಿ ಗಾಡಿಯನ್ನು ಆಕ್ಸಿಲರೇಟರ್ ಮೇಲೆ ತಡೆದು ನಿಲ್ಲಿಸಬಾರದು. ಆಗ ಎಂಜಿನ್ನಿನ ಬಲವೆಲ್ಲ ಆಯಿಲನ್ನು ಕಾಯಿಸುವುದಕ್ಕೇ ಹೋಗುತ್ತದೆ. ಬ್ರೇಕ್ ಹಿಡಿಯಬೇಕು. ಲಿವರನ್ನು ಡಿಯಿಂದ ತಗ್ಗಿಸಿ ಕೆಳಗಿನ ಗೇರಿನಲ್ಲೇ ಹತ್ತಬೇಕು. ಎಂಜಿನ್ ಸದ್ದು ಹೆಚ್ಚಿದರೂ ಕನ್ವರ್ಟರಿನ ಜಾರಿಕೆ ಕಡಿಮೆಯಾಗುತ್ತದೆ. ಮೇಲೆ ಹೋಗಿ ಚಹಾಕ್ಕೆ ನಿಲ್ಲಿಸಿದಾಗ ಕೂಡಲೇ ಎಂಜಿನ್ ಆರಿಸದೆ, ನ್ಯೂಟ್ರಲ್‌ನಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ ನಾಲ್ಕೈದು ನಿಮಿಷ ಓಡಲು ಬಿಡಬೇಕು. ಆಯಿಲ್ ಪಂಪು ತಿರುಗುವುದು ಎಂಜಿನ್ ತಿರುಗಿದರೆ ಮಾತ್ರ.

ಕಾರು ಕಂಪನಿಗಳಲ್ಲಿ ನನ್ನ ಕೇಳಿಕೆ ಒಂದೇ. ಕಾವು ಅಳೆಯುವ ಸಂವೇದಕ ಇಂದಿನ ಹೆಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸುಗಳ ಒಳಗೆ ಆಗಲೇ ಇದೆ; ಗೇರ್‌ಬಾಕ್ಸಿನ ಕಂಪ್ಯೂಟರ್ ಅದನ್ನು ಕ್ಷಣಕ್ಷಣವೂ ಓದುತ್ತಿದೆ. ಹೊರಗಿನ ಗಾಳಿಯ ಉಷ್ಣಾಂಶವನ್ನೂ ಹಾಡಿನ ಹೆಸರನ್ನೂ ತೋರಿಸುವ ಅದೇ ಪರದೆಯ ಮೇಲೆ ಈ ಒಂದು ಸಂಖ್ಯೆಯನ್ನೂ ಮಾಲೀಕನಿಗೆ ತೋರಿಸಿ. ಅಲ್ಲಿಯತನಕ, ಓದುಗರೇ, ಕೂಲರಿಗೆ ಮುಂಗಡ ಕೊಡುವ ಮೊದಲು ನಿಮ್ಮ ಗಾಡಿಯನ್ನು ಎಂದಿನ ಭಾರದಲ್ಲಿ ನಿಮ್ಮ ಎಂದಿನ ಘಾಟಿಯಲ್ಲಿ ಒಮ್ಮೆ ಹತ್ತಿಸಿ, ಕಾವು ಬರೆದುಕೊಂಡು ಬನ್ನಿ. ಮೆಕ್ಯಾನಿಕ್ ಮುಂದೆ ಮೊದಲು ಆ ಚೀಟಿ ಇಡಿ. ಕೂಲರ್ ಹಾಕಿಸಿದ ಮೇಲಿನ ಬೇಸಿಗೆಯಲ್ಲಿ, ಅದೇ ಶಿರಾಡಿಯಲ್ಲಿ, ಅದೇ ಏಳು ಜನರ ಭಾರದಲ್ಲಿ ನನ್ನ ಗಾಡಿ ತೋರಿಸಿದ್ದು 101.